ಪಾರ್ಕಿನ್ಸನ್ ಎದುರಿನ ಕುರ್ಚಿಯಲ್ಲಿ ಕೆನೆತ್ ವಿಲಿಯಮ್ಸ್: ಕ್ಲಿಪ್ ಬೇಡ, ಇಡೀ ಸಂಚಿಕೆ ನೋಡಿ

ಬ್ರಿಟಿಷ್ ಹಾಸ್ಯನಟ ಕೆನೆತ್ ವಿಲಿಯಮ್ಸ್ ಹೆಸರು ಹಾಕಿ ಹುಡುಕಿದರೆ ಮೊದಲು ಸಿಗುವುದು ಮೂರು ನಿಮಿಷ, ಐದು ನಿಮಿಷದ ತುಣುಕುಗಳು. ಮೂಗಿನ ಹೊಳ್ಳೆ ಅರಳಿಸುತ್ತಾರೆ, ಕಣ್ಣು ಮೇಲೇರಿಸುತ್ತಾರೆ, ಒಂದು ಸ್ವರವನ್ನು ಉದ್ದಕ್ಕೆ ಎಳೆದು ತಟ್ಟನೆ ಬಿಡುತ್ತಾರೆ. ಜನ ನಗುತ್ತಾರೆ, ತುಣುಕು ಮುಗಿಯುತ್ತದೆ. ಇಷ್ಟನ್ನೇ ನೋಡಿದವರಿಗೆ ಅವರು ಮುಖ ಕಿವುಚಿ ಕಿರುಚುವ ನಟ ಅನ್ನಿಸಿದರೆ ತಪ್ಪಿಲ್ಲ. ತಪ್ಪು ತುಣುಕಿನದು. ವಿಲಿಯಮ್ಸ್ ಮಾತು ಏರಿ ಇಳಿಯುವುದಕ್ಕೆ ಇಪ್ಪತ್ತು ನಿಮಿಷವಾದರೂ ಬೇಕು, ಪಕ್ಕದಲ್ಲಿ ಕೇಳಿಸಿಕೊಳ್ಳುವ ಇನ್ನೊಬ್ಬ ಅತಿಥಿಯೂ ಬೇಕು. ಹಾಗಾಗಿ ಇಲ್ಲಿ ವಿಮರ್ಶೆಗೆ ತೆಗೆದುಕೊಂಡಿರುವುದು ಬಿಬಿಸಿಯ ‘ಪಾರ್ಕಿನ್ಸನ್’ ಎಂಬ ಚಾಟ್ ಶೋದಲ್ಲಿ ಅವರು ಕೂತ ಸಂಚಿಕೆಗಳನ್ನು, ಜೊತೆಗೆ ಅದೇ ಸಾಲಿಗೆ ಸೇರುವ ಇನ್ನೆರಡು ಟಿವಿ ರೆಕಾರ್ಡಿಂಗ್‌ಗಳನ್ನು. ಯಾವುದು ನೋಡಬೇಕು, ಯಾವ ರೂಪದಲ್ಲಿ, ಎಲ್ಲಿ ಕೈಕೊಡುತ್ತದೆ ಎಂಬುದು ಮುಂದಿದೆ.

ಮೈಕೆಲ್ ಪಾರ್ಕಿನ್ಸನ್ ಯಾರ್ಕ್‌ಷೈರ್‌ನವರು, ಪತ್ರಿಕೋದ್ಯಮದಿಂದ ಟಿವಿಗೆ ಬಂದವರು. 1971ರಲ್ಲಿ ಶುರುವಾದ ಅವರ ಶೋ ಮೊದಲ ಸುತ್ತಿನಲ್ಲಿ 1982ರವರೆಗೆ ನಡೆಯಿತು. 1998ರಲ್ಲಿ ಮತ್ತೆ ಬಂದು 2007ರಲ್ಲಿ ನಿಂತಿತು. ಅವರು 2023ರಲ್ಲಿ ತೀರಿಕೊಂಡರು. ವಿಲಿಯಮ್ಸ್ ಇರುವುದೆಲ್ಲ ಮೊದಲ ಸುತ್ತಿನಲ್ಲಿ, ಒಟ್ಟು ಎಂಟು ಸಲ. ಹುಡುಕುವಾಗ ಈ ವ್ಯತ್ಯಾಸ ನೆನಪಿರಲಿ. ಹೊಸ ಸುತ್ತಿನ ಡಿಸ್ಕ್ ತರಿಸಿಕೊಂಡು ಅದರಲ್ಲಿ ವಿಲಿಯಮ್ಸ್ ಅವರನ್ನು ಹುಡುಕಿದರೆ ಸಿಗುವುದಿಲ್ಲ, ಅವರು 1988ರಲ್ಲೇ ಹೋಗಿಬಿಟ್ಟರು.

ಈ ಶೋದ ಕಟ್ಟು ಹೇಗೆಂದರೆ: ಸಾಮಾನ್ಯವಾಗಿ ಒಂದು ಗಂಟೆಯಲ್ಲಿ ಮೂವರು ಅತಿಥಿಗಳು. ಮೊದಲನೆಯವರು ಬಂದು ಮಾತಾಡುತ್ತಾರೆ, ಎರಡನೆಯವರು ಬಂದಾಗ ಎದ್ದು ಹೋಗುವುದಿಲ್ಲ, ಅಲ್ಲೇ ಉಳಿಯುತ್ತಾರೆ. ನಮ್ಮ ‘ವೀಕೆಂಡ್ ವಿತ್ ರಮೇಶ್’ ನೋಡಿ ರೂಢಿಯಾದವರಿಗೆ ಇದು ಬೇರೆಯೇ ಜಾತಿಯದು. ಅಲ್ಲಿ ಒಬ್ಬರೇ ಸಾಧಕರು, ಅವರ ಬದುಕಿನ ಪುಟಗಳು, ಹಳೆಯ ಗೆಳೆಯರ ದಿಢೀರ್ ಆಗಮನ. ಬ್ರಿಟನ್ನಿನಲ್ಲಿ ಅದಕ್ಕೆ ಹತ್ತಿರದ್ದು ‘ದಿಸ್ ಈಸ್ ಯುವರ್ ಲೈಫ್’, ‘ಪಾರ್ಕಿನ್ಸನ್’ ಅಲ್ಲ. ಪಾರ್ಕಿನ್ಸನ್ ಹತ್ತಿರ ವಿಡಿಯೊ ತೋರಿಸಿ ಅಳಿಸುವ ಸಾಮಗ್ರಿ ಇಲ್ಲ. ಕೈಯಲ್ಲಿ ಕ್ಲಿಪ್‌ಬೋರ್ಡ್, ಎದುರಿಗೆ ಮನುಷ್ಯರು, ನಡುವೆ ಮಾತು. ಪ್ರಶ್ನೆ ಚಿಕ್ಕದು. ಕೇಳಿದ ಮೇಲೆ ಸುಮ್ಮನಿರುತ್ತಾರೆ. ವಿಲಿಯಮ್ಸ್ ಅವರಂಥವರಿಗೆ ಆ ಮೌನವೇ ರಂಗಸ್ಥಳ.

ವಿಲಿಯಮ್ಸ್ ಯಾರೆಂದು ನಾಲ್ಕು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. 1926ರಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ಬಳಿ ಹುಟ್ಟಿದವರು, ಕ್ಷೌರಿಕರೊಬ್ಬರ ಮಗ. ಕಲಿತ ಕಸುಬು ನಕ್ಷೆ ಬರೆಯುವುದು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಸೈನ್ಯಕ್ಕೆ ಸೇರಿದಾಗಲೂ ರಾಯಲ್ ಎಂಜಿನಿಯರ್ಸ್‌ನ ಸರ್ವೆ ವಿಭಾಗಕ್ಕೇ ಹಾಕಿದರು, ಭಾರತಕ್ಕೂ ಸಿಲೋನಿಗೂ ಕಳಿಸಿದರು. ಆಮೇಲೆ ಸಿಂಗಪುರದಲ್ಲಿ ಸೈನಿಕರನ್ನು ರಂಜಿಸುವ ತಂಡ ಸೇರಿ ವೇದಿಕೆ ಹತ್ತಿದರು. 1954ರಲ್ಲಿ ಬರ್ನಾರ್ಡ್ ಷಾ ಅವರ ‘ಸೇಂಟ್ ಜೋನ್’ ನಾಟಕದಲ್ಲಿ ಯುವರಾಜನ ಪಾತ್ರ ಮಾಡುತ್ತಿದ್ದಾಗ ರೇಡಿಯೊದವರ ಕಣ್ಣಿಗೆ ಬಿದ್ದರು. ಅಲ್ಲಿಂದ ‘ಹ್ಯಾನ್ಕಾಕ್ಸ್ ಹಾಫ್ ಅವರ್’, ‘ರೌಂಡ್ ದ ಹಾರ್ನ್’ ಎಂಬ ರೇಡಿಯೊ ಹಾಸ್ಯ ಸರಣಿಗಳು, 26 ‘ಕ್ಯಾರಿ ಆನ್’ ಹಾಸ್ಯ ಸಿನಿಮಾಗಳು. ಸಿನಿಮಾಗಳಿಂದ ಹೆಸರು ಬಂತು. ಆದರೆ ಅವರ ಪೂರ್ತಿ ಸಾಮರ್ಥ್ಯ ಕಾಣುವುದು ಸಿನಿಮಾದಲ್ಲಲ್ಲ, ಬರೆದುಕೊಟ್ಟ ಮಾತಿಲ್ಲದ ಈ ಹರಟೆಯಲ್ಲಿ. ಇದು ನನ್ನ ಖಚಿತ ಅಭಿಪ್ರಾಯ.

ಧ್ವನಿಯ ವಿಚಾರಕ್ಕೆ ಬರೋಣ, ಇಡೀ ಸರಕು ನಿಂತಿರುವುದೇ ಅದರ ಮೇಲೆ. ವಿಲಿಯಮ್ಸ್ ಹತ್ತಿರ ಮುಖ್ಯವಾಗಿ ಮೂರು ಸ್ವರಗಳಿವೆ. ಒಂದು, ಹುಟ್ಟಿದ ಬೀದಿಯ ಕಾಕ್ನಿ, ಲಂಡನ್ನಿನ ದುಡಿಯುವ ಜನರ ಆಡುನುಡಿ. ಎರಡು, ಓದಿ, ಕೇಳಿ, ತಾವೇ ಕಷ್ಟಪಟ್ಟು ಸಂಪಾದಿಸಿದ ದೊಡ್ಡಮನೆಯ ಇಂಗ್ಲಿಷು. ಅದರಲ್ಲಿ ಒಂದೊಂದು ವ್ಯಂಜನವೂ ಚೂರಿಯಿಂದ ಕತ್ತರಿಸಿದಷ್ಟು ಸ್ಪಷ್ಟ. ಮೂರು, ಮೂಗಿನಿಂದ ಬರುವ, ಮುನಿಸು ತುಂಬಿದ ಎಳೆದಾಟ. ಕಥೆ ಶುರುವಾಗುವುದು ಸಾಮಾನ್ಯವಾಗಿ ಎರಡನೆಯದರಲ್ಲಿ. ಕಥೆಯೊಳಗಿನ ದೊಡ್ಡ ನಟ ನಟಿಯರ ಧ್ವನಿಗಳು ನಡುವೆ ಬಂದು ಹೋಗುತ್ತವೆ. ಕೊನೆಯ ಏಟು ಮಾತ್ರ ಮೊದಲನೆಯದರಲ್ಲಿ, ಕಾಕ್ನಿಯಲ್ಲಿ ಬೀಳುತ್ತದೆ. ನಗು ಬರುವುದು ಮಾತಿನ ಅರ್ಥಕ್ಕಿಂತ ಆ ಇಳಿತಕ್ಕೆ. ಮಹಡಿಯ ಮೇಲೆ ನಿಂತು ಪ್ರವಚನ ಮಾಡುತ್ತಿದ್ದವರು ಒಮ್ಮೆಲೇ ಮೀನಿನ ಮಾರುಕಟ್ಟೆಗೆ ಇಳಿದಂತೆ. ಕ್ಲಿಪ್ ಮಾಡುವವರು ಏಟನ್ನು ಮಾತ್ರ ಇಟ್ಟುಕೊಂಡು ಮಹಡಿಯನ್ನು ಕತ್ತರಿಸಿಬಿಡುತ್ತಾರೆ.

ಒಂದು ಪ್ರಸಂಗ ಬಿಡಿಸಿ ನೋಡಿದರೆ ಇದು ಗೊತ್ತಾಗುತ್ತದೆ. 1963ರ ‘ಜೆಂಟಲ್ ಜಾಕ್’ ನಾಟಕದಲ್ಲಿ ಅವರ ಜೊತೆ ಹಿರಿಯ ನಟಿ ಡೇಮ್ ಈಡಿತ್ ಇವಾನ್ಸ್ ಇದ್ದರು. ಆಕೆಯ ಧ್ವನಿ ಕೊಳಲಿನಂತೆ ಏರಿಳಿದು ನಡುಗುವುದು ಇಡೀ ಇಂಗ್ಲೆಂಡಿಗೇ ಗೊತ್ತಿತ್ತು. ವಿಲಿಯಮ್ಸ್ ಅವರನ್ನು ತೆಗೆದುಕೊಂಡಿದ್ದೇವೆ ಎಂದಾಗ ಆಕೆ ನಿರ್ಮಾಪಕರ ಬಳಿ, ಅಯ್ಯೋ, ಆತನ ಧ್ವನಿ ವಿಚಿತ್ರವಾಗಿದೆಯಲ್ಲ ಎಂಬ ಅರ್ಥದ ಮಾತಾಡಿದರಂತೆ. ಬರೆದಾಗ ಇದು ಒಂದು ಸಾಲು. ವಿಲಿಯಮ್ಸ್ ಬಾಯಲ್ಲಿ ಅದು ಈಡಿತ್ ಇವಾನ್ಸ್ ಧ್ವನಿಯಲ್ಲೇ ಬರುತ್ತದೆ: ವಿಚಿತ್ರ ಎಂಬ ಪದವನ್ನೇ ಅತಿ ವಿಚಿತ್ರವಾಗಿ, ಒಂದು ಸ್ವರವನ್ನು ನಾಲ್ಕು ಮೆಟ್ಟಿಲು ಹತ್ತಿಸಿ ಇಳಿಸಿ. ಇಬ್ಬರ ಧ್ವನಿಯೂ ವಿಚಿತ್ರ ಎಂದು ಪ್ರೇಕ್ಷಕರಿಗೆ ಗೊತ್ತು, ಹೇಳಿದಾಕೆಗೆ ಮಾತ್ರ ಗೊತ್ತಿಲ್ಲ. ಈಡಿತ್ ಇವಾನ್ಸ್ ಅವರನ್ನು ಕೇಳಿಯೇ ಇಲ್ಲದ ನಮ್ಮವರಿಗೆ ಈ ನಗು ಅರ್ಧ ಮಾತ್ರ ತಲುಪುತ್ತದೆ. ಅದಕ್ಕೇ ಮೊದಲು ಆಕೆಯ ಯಾವುದಾದರೂ ದೃಶ್ಯವನ್ನು ಎರಡು ನಿಮಿಷ ಕೇಳಿ ಬನ್ನಿ. 1952ರ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ ಚಿತ್ರದಲ್ಲಿ ಆಕೆ ಮಾಡಿದ ಲೇಡಿ ಬ್ರ್ಯಾಕ್ನೆಲ್ ಪಾತ್ರ ಸಾಕು.

ಇನ್ನೊಂದು ಅಡಚಣೆ ಪೊಲಾರಿ. ಇದು ಬ್ರಿಟನ್ನಿನ ನಾಟಕದವರು, ಹಡಗಿನವರು, ಮುಖ್ಯವಾಗಿ ಸಲಿಂಗಿ ಪುರುಷರು ಆಡುತ್ತಿದ್ದ ಒಳಭಾಷೆ. ಜಾತ್ರೆಯಲ್ಲಿ ದನದ ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಮಾತಾಡುವುದಿಲ್ಲವೇ, ಹಾಗೆ ಹೊರಗಿನವರಿಗೆ ತಿಳಿಯದಂತೆ ಮಾತಾಡುವ ಉಪಾಯ. 1965ರಿಂದ 1968ರವರೆಗೆ ನಡೆದ ‘ರೌಂಡ್ ದ ಹಾರ್ನ್’ನಲ್ಲಿ ವಿಲಿಯಮ್ಸ್ ಮತ್ತು ಹ್ಯೂ ಪ್ಯಾಡಿಕ್, ಜೂಲಿಯನ್ ಮತ್ತು ಸ್ಯಾಂಡಿ ಎಂಬ ಜೋಡಿಯಾಗಿ ಅದನ್ನು ಭಾನುವಾರದ ಊಟದ ಹೊತ್ತಿನಲ್ಲಿ ಮನೆಮನೆಗೂ ಕೇಳಿಸಿದರು. ಇಂಗ್ಲೆಂಡಿನಲ್ಲಿ ಸಲಿಂಗ ಸಂಬಂಧ ಅಪರಾಧದ ಪಟ್ಟಿಯಿಂದ ಭಾಗಶಃ ಹೊರಬಿದ್ದದ್ದು 1967ರಲ್ಲಿ ಎಂಬುದನ್ನು ಜೊತೆಗಿಟ್ಟು ನೋಡಿದರೆ ಆ ಧೈರ್ಯದ ತೂಕ ತಿಳಿಯುತ್ತದೆ. ಅದರ ನೆರಳು ಚಾಟ್ ಶೋಗಳಲ್ಲೂ ಬೀಳುತ್ತದೆ. ‘ಬೋನಾ’ ಎಂದರೆ ಚೆನ್ನಾಗಿದೆ, ‘ವಾಡಾ’ ಎಂದರೆ ನೋಡು, ‘ಓಮಿ’ ಗಂಡಸು, ‘ಪಲೋನ್’ ಹೆಂಗಸು, ‘ಲ್ಯಾಲೀಸ್’ ಕಾಲುಗಳು, ‘ಈಕ್’ ಮುಖ. ‘ರಯಾ’ ಎಂದರೆ ಕೂದಲು, ಇಂಗ್ಲಿಷಿನ ಹೇರ್ ಪದದ ಅಕ್ಷರಗಳನ್ನು ತಿರುಗಿಸಿದ್ದು. ಈ ಏಳು ಗೊತ್ತಿದ್ದರೆ ಕೆಲಸ ನಡೆಯುತ್ತದೆ. ಯೂಟ್ಯೂಬ್‌ನ ಸ್ವಯಂಚಾಲಿತ ಸಬ್‌ಟೈಟಲ್ ಇವನ್ನು ಒಂದೂ ಸರಿಯಾಗಿ ಹಿಡಿಯುವುದಿಲ್ಲ. ಕಾಕ್ನಿಯಲ್ಲೂ ತೊದಲುತ್ತದೆ, ಯಾಕೆಂದರೆ ಪದದ ಮೊದಲಿನ ಹಕಾರ ಅಲ್ಲಿ ಬಿದ್ದುಹೋಗಿರುತ್ತದೆ. ಸಬ್‌ಟೈಟಲ್ ಹಾಕಿಕೊಂಡರೆ ಏಟು ಬೀಳುವ ಮುಂಚೆಯೇ ತಪ್ಪು ಪದ ಓದಿ ನಗು ಕೆಡುತ್ತದೆ. ಆಫ್ ಮಾಡಿ.

ಕಿವಿ ಪಳಗಿಸಲು ಇನ್ನೊಂದು ದಾರಿ ರೇಡಿಯೊದ ‘ಜಸ್ಟ್ ಎ ಮಿನಿಟ್’. ಕೊಟ್ಟ ವಿಷಯದ ಬಗ್ಗೆ ತಡವರಿಸದೆ, ಪದ ಮರುಕಳಿಸದೆ, ದಾರಿ ತಪ್ಪದೆ 60 ಸೆಕೆಂಡು ಮಾತಾಡಬೇಕು. 1968ರಿಂದ ಸಾಯುವವರೆಗೂ ವಿಲಿಯಮ್ಸ್ ಅದರಲ್ಲಿದ್ದರು. ಸಮಯ ತುಂಬಿಸಲು ಒಂದೊಂದು ಸ್ವರವನ್ನೂ ರಬ್ಬರಿನಂತೆ ಎಳೆಯುವ ಅವರ ಉಪಾಯ ಅಲ್ಲಿ ಬರಿಯ ಧ್ವನಿಯಲ್ಲಿ ಕೇಳಿದರೆ, ಟಿವಿಯಲ್ಲಿ ಅದೇ ಎಳೆತ ಯಾವಾಗ ಕೋಪಕ್ಕೆ, ಯಾವಾಗ ನಟನೆಗೆ ಎಂದು ಗುರುತು ಹಿಡಿಯಬಹುದು.

ಈಗ ನೋಡುವ ಮಾಧ್ಯಮ. ಇಲ್ಲಿ ಬಹಳ ಜನ ಎಡವುತ್ತಾರೆ.

ಡಿವಿಡಿ ತರಿಸುವುದಾದರೆ: ಡಿಸ್ಕ್ ಯಾವ ಪ್ರದೇಶದ ಪ್ಲೇಯರಿನಲ್ಲಿ ಓಡಬೇಕೆಂಬ ಸಂಕೇತವೇ ರೀಜನ್. ಬ್ರಿಟನ್ನಿನ ಡಿಸ್ಕ್ ರೀಜನ್ 2, ಭಾರತ ರೀಜನ್ 5. ಇಲ್ಲಿನ ಪ್ಲೇಯರ್ ಅದನ್ನು ಒಪ್ಪದಿರಬಹುದು. ಎಲ್ಲ ರೀಜನ್ನೂ ಓದುವ ಪ್ಲೇಯರ್ ಇದ್ದರೆ ತೊಂದರೆಯಿಲ್ಲ. ಕಂಪ್ಯೂಟರಿನ ಡಿವಿಡಿ ಡ್ರೈವ್‌ನಲ್ಲಿ ರೀಜನ್ ಬದಲಿಸಲು ಐದೇ ಅವಕಾಶ. ಐದನೆಯದಕ್ಕೆ ಎಲ್ಲಿ ನಿಂತಿರೋ ಅಲ್ಲೇ ಬೀಗ ಬೀಳುತ್ತದೆ. ಆದ್ದರಿಂದ ಕನ್ನಡ ಸಿನಿಮಾ ಡಿಸ್ಕ್‌ಗೂ ಇದಕ್ಕೂ ಒಂದೇ ಡ್ರೈವ್ ಬಳಸಿ ಪದೇಪದೇ ಬದಲಿಸಬೇಡಿ. ಸಮಾಧಾನದ ವಿಷಯವೆಂದರೆ ಎರಡೂ ದೇಶ ಪಾಲ್ ಎಂಬ ಟಿವಿ ಚಿತ್ರದ ಪದ್ಧತಿಯವು, ಸೆಕೆಂಡಿಗೆ 25 ಫ್ರೇಮ್, 576 ಗೆರೆ. ರೀಜನ್ ದಾಟಿದರೆ ಚಿತ್ರ ಸರಿಯಾಗಿಯೇ ಬರುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಕಷ್ಟ ಎರಡು: ಅಲ್ಲಿ ರೀಜನ್ 1, ಜೊತೆಗೆ ಎನ್‌ಟಿಎಸ್‌ಸಿ ಎಂಬ ಬೇರೆ ಚಿತ್ರ ಪದ್ಧತಿ. ಪಾಲ್ ಅನ್ನು ಪರಿವರ್ತಿಸುವ ಪ್ಲೇಯರ್ ಎಂದು ಡಬ್ಬದ ಮೇಲೆ ಬರೆದಿದ್ದರೆ ಮಾತ್ರ ಕೊಳ್ಳಿ.

ಕೊಳ್ಳುವ ಮುನ್ನ ಡಿಸ್ಕ್‌ನ ಒಟ್ಟು ನಿಮಿಷಗಳನ್ನು ಸಂಚಿಕೆಗಳ ಲೆಕ್ಕದಿಂದ ಭಾಗಿಸಿ ನೋಡಿ. ಒಂದೊಂದಕ್ಕೆ ಒಂದು ಗಂಟೆಯ ಹತ್ತಿರ ಬಂದರೆ ಪೂರ್ತಿ ಇದೆ. ಹದಿನೈದು ಇಪ್ಪತ್ತು ನಿಮಿಷ ಬಂದರೆ ಅದು ಆಯ್ದ ಭಾಗಗಳ ಸಂಕಲನ, ಮುಖಪುಟದಲ್ಲಿ ಏನೇ ಬರೆದಿರಲಿ. ಸ್ವಲ್ಪವೇ ಕಡಿಮೆಯಿದ್ದರೆ ಹಾಡಿನ ಭಾಗ ಹೋಗಿರುವ ಸಾಧ್ಯತೆ ಹೆಚ್ಚು. ಹಾಡುಗಳ ಹಕ್ಕು ಬೇರೆಯವರ ಕೈಯಲ್ಲಿರುತ್ತದೆ, ಅದಕ್ಕೆ ದುಡ್ಡು ಕೊಡುವ ಬದಲು ಕತ್ತರಿಸುತ್ತಾರೆ. ಅದರಿಂದ ಮಾತಿಗೆ ನಷ್ಟವಿಲ್ಲ.

ಯೂಟ್ಯೂಬ್‌ನಲ್ಲಾದರೆ ಹಕ್ಕುದಾರರೇ ಹಾಕಿದ ಪ್ರತಿ ಮೊದಲ ಆಯ್ಕೆಯಾಗಲಿ. ಉಳಿದವರು ಹಾಕಿದ ಪ್ರತಿಗಳಲ್ಲಿ ಹಕ್ಕಿನ ತಪಾಸಣೆಗೆ ಸಿಗದಂತೆ ಚಿತ್ರವನ್ನು ಕನ್ನಡಿಯಂತೆ ತಿರುಗಿಸಿರುತ್ತಾರೆ, ಅಥವಾ ವೇಗ ಸ್ವಲ್ಪ ಏರಿಸಿರುತ್ತಾರೆ. ತಿರುಗಿಸಿದ್ದು ಪತ್ತೆ ಹಚ್ಚುವುದು ಸುಲಭ: ಗಂಡಸರ ಕೋಟಿನ ಎದೆಯ ಜೇಬು ಅವರ ಎಡಕ್ಕೆ, ಅಂದರೆ ನೋಡುವ ನಮ್ಮ ಬಲಕ್ಕೆ ಇರಬೇಕು. ನಮ್ಮ ಎಡಕ್ಕೆ ಕಂಡರೆ ಪ್ರತಿ ತಿರುಗಿದೆ. ವೇಗ ಏರಿಸಿದ್ದು ಇನ್ನೂ ಕೆಟ್ಟದು, ಯಾಕೆಂದರೆ ಸ್ವರವೂ ಅದರ ಜೊತೆ ಏರುತ್ತದೆ. ವಿಲಿಯಮ್ಸ್ ಮೊದಲೇ ಮೇಲಿನ ಸ್ವರದವರು, ಇನ್ನೂ ಏರಿದರೆ ಮೂರು ಧ್ವನಿಯೂ ಒಂದೇ ಕೀಚಲು. ಅನುಮಾನ ಬಂದರೆ ಪಾರ್ಕಿನ್ಸನ್ ಧ್ವನಿ ಕೇಳಿ. ಅದು ತಗ್ಗಿನ, ಸ್ವಲ್ಪ ಒರಟು ಯಾರ್ಕ್‌ಷೈರ್ ಧ್ವನಿ. ಅದೂ ತೆಳ್ಳಗೆ ಕೇಳಿದರೆ ಆ ಪ್ರತಿ ಬಿಡಿ.

ಟಿವಿಯಲ್ಲಿ ಚಿತ್ರದ ಅನುಪಾತ 4:3 ಇಡಿ, ಪಕ್ಕದಲ್ಲಿ ಕಪ್ಪು ಪಟ್ಟಿ ಬರಲಿ. ತೆರೆ ತುಂಬಿಸಿ ಎಳೆದರೆ ಮುಖ ಅಗಲವಾಗುತ್ತದೆ, ಮೂಗು ತುಟಿಗಳಿಂದಲೇ ಅರ್ಧ ಮಾತಾಡುವ ನಟನಿಗೆ ಅದು ಅನ್ಯಾಯ. ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರಿನಲ್ಲಿ ನೋಡುವಾಗ ಕೈ ಬೀಸಿದಾಗ ಬಾಚಣಿಗೆಯಂತೆ ಗೆರೆ ಕಂಡರೆ ‘ಡಿ’ ಕೀ ಒತ್ತಿ, ಡೀಇಂಟರ್‌ಲೇಸ್ ಆಗಿ ಆ ಗೆರೆ ಹೋಗುತ್ತದೆ. ತುಟಿಗೂ ಮಾತಿಗೂ ಹೊಂದದೆ ಧ್ವನಿ ಹಿಂದೆ ಬಿದ್ದಿದ್ದರೆ ‘ಜೆ’, ಮುಂದೆ ಓಡಿದ್ದರೆ ‘ಕೆ’. ಒಂದೊಂದು ಒತ್ತಿಗೆ 50 ಮಿಲಿಸೆಕೆಂಡು ಸರಿಯುತ್ತದೆ. ಸೌಂಡ್‌ಬಾರ್ ಇದ್ದರೆ ಸರೌಂಡ್ ತೆಗೆಯಿರಿ. ಮೂಲ ಧ್ವನಿ ಮೋನೊ, ಸರೌಂಡ್ ಹಾಕಿದರೆ ಪ್ರೇಕ್ಷಕರ ನಗು ಎದ್ದು ಮಾತು ಮುಳುಗುತ್ತದೆ. ಬಿಳಿ ಬೆಳಕಿನ ಹಿಂದೆ ಬಾಲದಂತೆ ಎಳೆ ಕಂಡರೆ ಗಾಬರಿ ಬೇಡ, ಅದು ಆ ಕಾಲದ ಟ್ಯೂಬ್ ಕ್ಯಾಮೆರಾಗಳ ಗುಣ, ಸರಿಮಾಡಲು ಬರುವುದಿಲ್ಲ. ಇಂಗ್ಲಿಷ್ ಬಿರುಸು ಅನ್ನಿಸಿದರೆ 0.75 ವೇಗ ಎರಡನೇ ಸಲಕ್ಕೆ ಇಟ್ಟುಕೊಳ್ಳಿ. ಮೊದಲ ಸಲವೇ ಹಾಗೆ ನೋಡಿದರೆ ಅವರ ನಿಲುಗಡೆಗಳು ಹಿಗ್ಗುತ್ತವೆ, ನಿಲುಗಡೆ ಹಿಗ್ಗಿದರೆ ನಗು ಹೋಯಿತು.

ಎಲ್ಲ ಸಂಚಿಕೆಗಳೂ ಸಿಗಲಿಲ್ಲವೆಂದು ಬೇಸರಿಸಬೇಡಿ. ಎರಡಿಂಚಿನ ವಿಡಿಯೊ ಟೇಪ್ ದುಬಾರಿಯಾಗಿದ್ದ ಕಾಲದಲ್ಲಿ ಬಿಬಿಸಿ ಪ್ರಸಾರವಾದ ಕಾರ್ಯಕ್ರಮ ಅಳಿಸಿ ಟೇಪ್ ಮರುಬಳಸುತ್ತಿತ್ತು. ಮರುಪ್ರಸಾರದ ಹಕ್ಕು ಸೀಮಿತವಾಗಿದ್ದುದರಿಂದ ಇಟ್ಟುಕೊಂಡು ಪ್ರಯೋಜನವಿಲ್ಲ ಎಂಬ ಲೆಕ್ಕ. ಆ ಲೆಕ್ಕದಲ್ಲಿ ಬ್ರಿಟಿಷ್ ಟಿವಿ ಕಳೆದುಕೊಂಡದ್ದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಯಾವ ಕ್ರಮದಲ್ಲಿ ನೋಡುವುದು? ಹೊಸಬರಿಗೆ 1983ರ ‘ಆ್ಯನ್ ಆಡಿಯನ್ಸ್ ವಿತ್ ಕೆನೆತ್ ವಿಲಿಯಮ್ಸ್’ ಸಲೀಸು. ಒಬ್ಬರೇ ನಿಂತು ಹೇಳುವ ಪ್ರಸಂಗಗಳು, ಒಂದು ಅರ್ಥವಾಗದಿದ್ದರೆ ಮುಂದಿನದಕ್ಕೆ ಕಾಯಬಹುದು. ಆದರೆ ಎದುರು ಉತ್ತರ ಕೊಡುವವರಿಲ್ಲ. ಬರೀ ಹೋಳಿಗೆಯೇ ಊಟವಾದಂತೆ, ಅರ್ಧ ಗಂಟೆಗೆ ಸಿಹಿ ಹೆಚ್ಚಾಗುತ್ತದೆ. ಎರಡು ಕಂತಿನಲ್ಲಿ ನೋಡಿ.

1986ರಲ್ಲಿ ನಿರೂಪಕ ಟೆರಿ ವೋಗನ್ ಇಲ್ಲದಾಗ ವಿಲಿಯಮ್ಸ್ ಅವರೇ ‘ವೋಗನ್’ ಶೋ ನಡೆಸಿಕೊಟ್ಟರು. ವಾರಕ್ಕೆ ಮೂರು ಸಂಜೆ, ನೇರ ಪ್ರಸಾರದ ಶೋ ಅದು. ಮಾತಿಗೇ ಹುಟ್ಟಿದವರು ಇನ್ನೊಬ್ಬರನ್ನು ಮಾತಾಡಿಸುವುದು ಹೇಗೆ ಎಂಬ ಕುತೂಹಲಕ್ಕೆ ನೋಡಬೇಕಾದದ್ದು. ಅತಿಥಿಯ ಉತ್ತರ ಮುಗಿಯುವ ಮುನ್ನ ಅವರ ಬಾಯಿ ತೆರೆದು, ಮತ್ತೆ ಮುಚ್ಚಿಕೊಳ್ಳುವುದನ್ನು ಗಮನಿಸಿ.

ಪಾರ್ಕಿನ್ಸನ್ ಸಂಚಿಕೆಗಳಲ್ಲಿ ಬಿಡಲೇಬಾರದವು 1973ರ ಎರಡು. ಮೊದಲನೆಯದರಲ್ಲಿ ಮುಷ್ಕರಗಳ ವಿರುದ್ಧ, ಕಾರ್ಮಿಕ ಸಂಘಗಳ ವಿರುದ್ಧ ವಿಲಿಯಮ್ಸ್ ಹರಿಹಾಯ್ದರು. ಅದಕ್ಕೆ ಉತ್ತರವಾಗಿ ಪಾರ್ಕಿನ್ಸನ್, ವಿಲಿಯಮ್ಸ್ ಅವರನ್ನು ಮತ್ತೆ ಕರೆದು ಜಿಮ್ಮಿ ರೀಡ್ ಎದುರು ಕೂರಿಸಿದರು. ರೀಡ್ ಎಂದರೆ ಗ್ಲಾಸ್ಗೋದ ಕ್ಲೈಡ್ ಹಡಗುಕಟ್ಟೆಗಳನ್ನು ಮುಚ್ಚಹೊರಟಾಗ, 1971ರಲ್ಲಿ, ಕೆಲಸ ನಿಲ್ಲಿಸುವ ಬದಲು ಕೆಲಸ ಮಾಡುತ್ತಲೇ ಹೋರಾಡಿದ ಕಾರ್ಮಿಕರ ಮುಂದಾಳು. ಇಲ್ಲಿ ವಿಲಿಯಮ್ಸ್ ಆಯುಧಗಳು ಕೆಲಸಕ್ಕೆ ಬರುವುದಿಲ್ಲ. ಹೊಳ್ಳೆ ಅರಳಿಸಿದರೆ ಎದುರಿಗಿರುವವರು ನಗುವುದಿಲ್ಲ, ಸಮಾಧಾನದಿಂದ ಅಂಶಕ್ಕೆ ಅಂಶ ಇಡುತ್ತಾರೆ. ವಾದದಲ್ಲಿ ನನ್ನ ಮಟ್ಟಿಗೆ ರೀಡ್ ಮೇಲುಗೈ. ಹಾಸ್ಯನಟನೊಬ್ಬ ರಾಜಕೀಯ ವಾದದಲ್ಲಿ ಸಿಕ್ಕಿಬೀಳುವುದನ್ನು ಬಿಬಿಸಿ ಶನಿವಾರ ರಾತ್ರಿಯ ರಂಜನೆಯ ಹೊತ್ತಿನಲ್ಲಿ ತೋರಿಸಿತು ಎಂಬುದೇ ಆ ಕಾಲದ ಚಾಟ್ ಶೋ ಎಷ್ಟು ಅಗಲವಿತ್ತು ಎಂಬುದಕ್ಕೆ ಸಾಕ್ಷಿ. ಈಗ ಅತಿಥಿಗಳು ಬರುವುದು ಸಿನಿಮಾ ಬಿಡುಗಡೆಯ ವಾರದಲ್ಲಿ, ಹೇಳುವುದು ಆ ಸಿನಿಮಾದ ಬಗ್ಗೆ.

ಶೋದಲ್ಲಿ ಕೊರತೆಯೂ ಇದೆ. ನಟಿಯರ ಜೊತೆ ಮಾತಾಡುವಾಗ ಪಾರ್ಕಿನ್ಸನ್ ಕಾಲದ ಕೆಟ್ಟ ರೂಢಿಗೆ ಬಿದ್ದದ್ದುಂಟು. 1975ರ ಹೆಲೆನ್ ಮಿರೆನ್ ಸಂದರ್ಶನದಲ್ಲಿ ಅವರ ನಟನೆಗಿಂತ ಮೈಕಟ್ಟಿನ ಸುತ್ತ ಸುಳಿದ ಪ್ರಶ್ನೆಗಳು ಆಗಲೂ ತಪ್ಪು, ಈಗಲೂ ತಪ್ಪು. ಮಿರೆನ್ ಕೊಟ್ಟ ಎದಿರೇಟಿಗಾಗಿಯಾದರೂ ಅದು ಉಳಿದಿರುವುದು ಒಳ್ಳೆಯದು.

1973ರ ಫೆಬ್ರವರಿಯ ಸಂಚಿಕೆಗೆ ಮರಳುತ್ತೇನೆ, ಮುಷ್ಕರದ ಬಗ್ಗೆ ಆ ಹರಿಹಾಯ್ದಾಟ ನಡೆದ ಅದೇ ಸಂಚಿಕೆಗೆ. ಉಳಿದ ಅತಿಥಿಗಳು ನಟಿ ಮ್ಯಾಗಿ ಸ್ಮಿತ್ ಮತ್ತು ಹಿಂದಿನ ವರ್ಷವಷ್ಟೇ ಆಸ್ಥಾನಕವಿಯಾಗಿದ್ದ ಜಾನ್ ಬೆಟ್ಜಮನ್. ಸ್ಮಿತ್ ಮತ್ತು ವಿಲಿಯಮ್ಸ್ 1957ರಿಂದ ಒಟ್ಟಿಗೆ ವೇದಿಕೆ ಹಂಚಿಕೊಂಡವರು. ಆಕೆ ಪದ ಎಳೆಯುವ ರೀತಿಯಲ್ಲಿ ವಿಲಿಯಮ್ಸ್ ಛಾಯೆಯಿದೆ ಎಂದು ಹೇಳುವವರಿದ್ದಾರೆ, ಈ ಸಂಚಿಕೆಯಲ್ಲಿ ಇಬ್ಬರನ್ನೂ ಅಕ್ಕಪಕ್ಕ ಕೇಳಿದರೆ ಒಪ್ಪಬೇಕೆನಿಸುತ್ತದೆ. ಅವರಿಬ್ಬರೂ ಸೇರಿ ಬೆಟ್ಜಮನ್ ಎದುರಿನಲ್ಲೇ ಅವರ ‘ಡೆತ್ ಇನ್ ಲೆಮಿಂಗ್ಟನ್’ ಕವಿತೆ ಓದುತ್ತಾರೆ. ಮಹಡಿಯ ಕೋಣೆಯಲ್ಲಿ ಒಬ್ಬ ಮುದುಕಿ ಸತ್ತಿದ್ದಾಳೆ, ಕ್ರೋಶಾ ಹೆಣಿಗೆ ಹಾಗೇ ಬಿದ್ದಿದೆ. ಗೊತ್ತಿಲ್ಲದ ನರ್ಸ್ ಚಹಾದ ಸಾಮಾನು ಹಿಡಿದು ಬಂದು ಎಬ್ಬಿಸಲು ಮಾತಾಡಿಸುತ್ತಾಳೆ. ಇಲ್ಲಿಯವರೆಗೆ ಒಂದೊಂದು ಪದಕ್ಕೂ ಮುಖ ಕುಣಿಸುತ್ತಿದ್ದ ವಿಲಿಯಮ್ಸ್ ಈಗ ಎಲ್ಲವನ್ನೂ ಮಡಿಸಿಟ್ಟುಬಿಡುತ್ತಾರೆ. ಮೂರು ಧ್ವನಿಗಳಲ್ಲಿ ಎರಡು ಮಾಯ. ಉಳಿದದ್ದು ಸ್ಪಷ್ಟವಾದ, ತಗ್ಗಿದ ಒಂದೇ ಧ್ವನಿ, ನಕ್ಷೆ ಬರೆಯುವ ಕೈಯಷ್ಟು ಅಳತೆಯದು. ಸಾಲಿನ ಕೊನೆಯಲ್ಲಿ ಪ್ರಾಸ ಬಂದಾಗ ಒತ್ತುವುದಿಲ್ಲ, ದಾಟಿ ಹೋಗುತ್ತಾರೆ. ಇದನ್ನು ತುಣುಕಾಗಿ ನೋಡಿದರೆ ಒಳ್ಳೆಯ ವಾಚನ, ಅಷ್ಟೇ. ಹಿಂದಿನ ಗದ್ದಲವನ್ನೆಲ್ಲ ಕೇಳಿ ಬಂದವರಿಗೆ, ಕೊನೆಯಲ್ಲಿ ಆ ನರ್ಸ್ ತುದಿಗಾಲಲ್ಲಿ ನಡೆದು ಹಜಾರದ ಗ್ಯಾಸ್ ದೀಪ ತಗ್ಗಿಸುವ ಹೊತ್ತಿಗೆ, ಸ್ಟುಡಿಯೊದ ನಿಶ್ಶಬ್ದವೂ ಕೇಳಿಸುತ್ತದೆ.